ಉಪ್ಪಾಗೆ ಸಿಪ್ಪೆ, ಉಪ್ಪಾಗೆ ತುಪ್ಪ: ಸಿಂಗಳೀಕದ ಪಾಲು ಬಿಟ್ಟು ತಂದದ್ದು

ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಒಂದು ಮಹಿಳಾ ಸಂಘದಿಂದ ನಾನು ಎರಡು ಸಾಮಾನು ತರಿಸುತ್ತೇನೆ. ಒಂದು ಒಣಗಿಸಿದ ಉಪ್ಪಾಗೆ ಸಿಪ್ಪೆ, ಇನ್ನೊಂದು ಉಪ್ಪಾಗೆ ಬೀಜದ ತುಪ್ಪ. ಸಿಪ್ಪೆ ಕಾಲು ಕಿಲೋಗೆ 170 ರೂಪಾಯಿ, ತುಪ್ಪ 200 ಗ್ರಾಂ ಬಾಟಲಿಗೆ 240. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಸಿಪ್ಪೆ 110ಕ್ಕೆ ಸಿಗುತ್ತದೆ. ಆ ಹೆಚ್ಚಿನ 60 ರೂಪಾಯಿ ಯಾಕೆ ಕೊಡಬೇಕು ಅಂತ ತುಂಬಾ ಜನ ನನ್ನನ್ನು ಕೇಳಿದ್ದಾರೆ. ಅದಕ್ಕೆ ಅಡುಗೆಯ ಕಾರಣವೂ ಇದೆ, ಕಾಡಿನ ಕಾರಣವೂ ಇದೆ. ನನ್ನ ಮಟ್ಟಿಗೆ ಕಾಡಿನದೇ ದೊಡ್ಡದು.

ನಾನು ಧಾರವಾಡದಲ್ಲಿ ಮನೆಯಿಂದಲೇ ಅಡುಗೆ ಆರ್ಡರ್ ಮಾಡಿಕೊಡುತ್ತೇನೆ. ತವರು ಸಿದ್ದಾಪುರದ ಕಡೆ. ಕೆಸುವಿನ ಕರಕಲಿ, ಸುವರ್ಣಗಡ್ಡೆ ಹುಳಿ, ಉಪ್ಪಾಗೆ ಸಾರು, ಹೀಗೆ ಹುಳಿ ಚೆನ್ನಾಗಿ ಬೇಡುವ ಅಡುಗೆಗಳಿಗೇ ನನ್ನ ಹತ್ತಿರ ಗಿರಾಕಿ ಜಾಸ್ತಿ. ಹಾಗಾಗಿ ಈ ಸಿಪ್ಪೆ ನನ್ನ ಅಡುಗೆಮನೆಯಲ್ಲಿ ಡಬ್ಬಿಗಟ್ಟಲೆ ಖರ್ಚಾಗುತ್ತದೆ.

ಉಪ್ಪಾಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮುರುಗಲಿನ (ಕೋಕಂ) ಜಾತಿಯದೇ ಮರ, ಆದರೆ ಮುರುಗಲು ಅಲ್ಲ. ಹಣ್ಣು ಹಳದಿ, ಮೈಮೇಲೆ ಗೆರೆ ಗೆರೆ, ನೋಡಲು ಪುಟ್ಟ ಕುಂಬಳಕಾಯಿಯ ಹಾಗೆ. ಒಣಗಿದ ಸಿಪ್ಪೆ ಕಪ್ಪಾಗುತ್ತದೆ. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡವರು ಪಂದಿ ಕರಿಗೆ ಹಾಕುವ ಕಾಚಂಪುಳಿಯೂ ಇದೇ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದು.

ಮೊದಲು ಸಿಪ್ಪೆಯ ವಿಷಯ ಹೇಳುತ್ತೇನೆ. ಸಂಘದ ಪ್ಯಾಕೆಟ್ ಒಡೆದು ಒಂದು ಸಿಪ್ಪೆ ಕೈಗೆ ತೆಗೆದುಕೊಳ್ಳಿ. ದಪ್ಪ ಇದೆ, ಮೆತ್ತಗಿದೆ, ಬಗ್ಗಿಸಿದರೆ ಮುರಿಯುವುದಿಲ್ಲ. ಬಣ್ಣ ಪೂರ್ತಿ ಕಪ್ಪಲ್ಲ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಂದು ಕಾಣುತ್ತದೆ. ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಹಾಕಿದರೆ ನೀರು ತಿಳಿ ಕಂದಾಗುತ್ತದೆ, ತಳದಲ್ಲಿ ಮಸಿ ನಿಲ್ಲುವುದಿಲ್ಲ. ಹುಳಿ ಚುರುಕಾಗಿರುತ್ತದೆ, ಆದರೆ ಒಗರು ಇಲ್ಲ. ಅಂಗಡಿಯದು ತೆಳ್ಳಗೆ, ಪಟ್ಟನೆ ಮುರಿಯುತ್ತದೆ. ನೆನೆಸಿದ ನೀರಿನ ಮೇಲೆ ಮಸಿ ತೇಲುತ್ತದೆ, ಸಾರಿಗೆ ಹಾಕಿದರೆ ಹೊಗೆಯ ವಾಸನೆ ಹೋಗುವುದೇ ಇಲ್ಲ. ಒಂದು ಸಲ ಅಂಗಡಿಯ ಪ್ಯಾಕೆಟ್‌ನ ಸಿಪ್ಪೆಗಳ ಮೇಲೆ ಬಿಳಿ ಉಪ್ಪಿನ ಪದರವೇ ಇತ್ತು. ಕೆಡದಿರಲಿ ಅಂತ ಸ್ವಲ್ಪ ಉಪ್ಪು ಹಚ್ಚುವುದು ತಪ್ಪಲ್ಲ, ಆದರೆ ಅಷ್ಟು ಉಪ್ಪು ಹಾಕಿದರೆ ಅದು ತೂಕಕ್ಕೇ ಹಾಕಿದ್ದು.

ಲೆಕ್ಕ ಹಾಕಿದರೆ ಸಂಘದ್ದೇ ಅಗ್ಗ ಬೀಳುತ್ತದೆ. ಕೆಸುವಿನ ಕರಕಲಿಗೆ ಅಂಗಡಿಯ ಸಿಪ್ಪೆ ಎಂಟು ಹತ್ತು ಎಸಳು ಬೇಕಾಗುವ ಕಡೆ ಇದು ಐದು ಸಾಕು. ಕೆಸುವಿನ ತುರಿಕೆ ಹೋಗುವುದೇ ಹುಳಿಯಿಂದ, ಅದು ಗೊತ್ತಲ್ವಾ. ಹುಳಿ ಕಮ್ಮಿಯಾದರೆ ಉಂಡವರ ಗಂಟಲು ಹೇಳುತ್ತದೆ. ಇಲ್ಲಿಯವರೆಗೆ ಈ ಸಿಪ್ಪೆ ಹಾಕಿ ಮಾಡಿದ ಕರಕಲಿಗೆ ಯಾರೂ ಗಂಟಲು ತುರಿಸಿತು ಅಂದಿಲ್ಲ.

ಸಿಪ್ಪೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ನೋಡಲು ಹೋದರೆ ಮರದ ಬುಡಕ್ಕೇ ಹೋಗಬೇಕು. ಅಲ್ಲಿ ನಮಗಿಂತ ಮೊದಲು ಬಂದು ಕೂತವರು ಇದ್ದಾರೆ, ಸಿಂಗಳೀಕಗಳು.

ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಈ ಕೋತಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡಿನ ಮಳೆಕಾಡಿನ ತುಂಡುಗಳಲ್ಲಿ ಮಾತ್ರ ಉಳಿದಿವೆ. ಬೆಳೆದವುಗಳ ಲೆಕ್ಕ 2,500 ದಾಟುವುದಿಲ್ಲ ಅನ್ನುತ್ತಾರೆ. ನಮ್ಮ ಊರ ಮಂಗಗಳಿಗೂ ಇವಕ್ಕೂ ತುಂಬಾ ವ್ಯತ್ಯಾಸ. ಮಂಗ ಎಲ್ಲಿ ಬೇಕಾದರೂ ಬದುಕುತ್ತದೆ, ತೋಟ, ಪೇಟೆ, ದೇವಸ್ಥಾನ. ಸಿಂಗಳೀಕಕ್ಕೆ ಮರದಿಂದ ಮರಕ್ಕೆ ಕೊಂಬೆ ತಾಗುವ ದಟ್ಟ ಕಾಡೇ ಬೇಕು. ನೆಲಕ್ಕೆ ಇಳಿಯುವುದೇ ಕಡಿಮೆ. ಕಾಡಿನ ಮಧ್ಯೆ ಒಂದು ಅಗಲ ರಸ್ತೆಯೋ ತೋಟವೋ ಬಂದರೆ ಆ ಕಡೆಯ ಗುಂಪು ಆ ಕಡೆಗೇ, ಈ ಕಡೆಯದು ಈ ಕಡೆಗೇ ಉಳಿದುಬಿಡುತ್ತದೆ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಜಾತಿ ಅಲ್ಲ.

ಇವುಗಳ ಬಗ್ಗೆ ನಡೆದ ಅಧ್ಯಯನ ಬಹುಪಾಲು ತಮಿಳುನಾಡಿನ ಆನೆಮಲೆ ಕಡೆಯದು. ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನ ಸಿಂಗಳೀಕಗಳ ಕಡೆ ಬಹಳ ಕಾಲ ಯಾರೂ ಸರಿಯಾಗಿ ನೋಡಿರಲಿಲ್ಲ. 2000ದ ನಂತರ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಅನ್ನುವ ವಿಜ್ಞಾನಿಗಳು ಇಲ್ಲಿ ಕಾಡು ಸುತ್ತಿ 32 ಗುಂಪುಗಳನ್ನು ಲೆಕ್ಕಕ್ಕೆ ತಂದರು. ಒಂದೇ ಕಡೆ ಇಷ್ಟು ದೊಡ್ಡ ಸಂಖ್ಯೆ ಇರುವ ಜಾಗಗಳು ಇಡೀ ಘಟ್ಟದಲ್ಲೇ ಬೆರಳೆಣಿಕೆ. ಅದೂ ಸಂರಕ್ಷಿತ ಕಾಡಲ್ಲ. ಊರು, ಅಡಿಕೆ ತೋಟ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು), ಗದ್ದೆ ಎಲ್ಲದರ ನಡುವಿನ ಕಾಡು. ಇದರಿಂದಲೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಅಂತ ಸುಮಾರು 300 ಚದರ ಕಿಲೋಮೀಟರ್ ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯದ ಜೊತೆ ಸೇರಿಸಿ 930 ಚದರ ಕಿಲೋಮೀಟರ್‌ನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು.

ದಕ್ಷಿಣದ ಕಾಡುಗಳಲ್ಲಿ ಸಿಂಗಳೀಕಕ್ಕೆ ಕಲ್ಲೇನಿಯ ಅನ್ನುವ ಮರವೇ ಮುಖ್ಯ ಆಹಾರ. ಆ ಮರ ನಮ್ಮ ಕಡೆ ಇಲ್ಲ. ಇಲ್ಲಿ ಅವು ಬೈನೆ, ಆಲ ಅತ್ತಿ ಜಾತಿಯ ಹಣ್ಣು, ಹೆಬ್ಬಲಸು, ಉಪ್ಪಾಗೆ, ಜೊತೆಗೆ ಹುಳಹುಪ್ಪಟೆ ತಿಂದು ಬದುಕುತ್ತವೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬೀಜದ ಸುತ್ತ ತೆಳುವಾಗಿ ಸಿಹಿ ತಿರುಳು ಇರುತ್ತದೆ. ಸಿಂಗಳೀಕ ಹಣ್ಣು ಕಿತ್ತು, ಹುಳಿ ಸಿಪ್ಪೆಯನ್ನು ಹಲ್ಲಿನಿಂದ ಸಿಗಿದು ಕೆಳಗೆ ಬಿಡುತ್ತದೆ, ತಿರುಳಿನ ಸಮೇತ ಬೀಜವನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಮರದ ಮೇಲೆ ಕೂತು ನಿಧಾನ ಚೀಪಿ ಬೀಜ ಉಗುಳುತ್ತದೆ. ಉಪ್ಪಾಗೆ ಗಿಡ ಕಾಡಲ್ಲಿ ಅಲ್ಲಲ್ಲಿ ಹುಟ್ಟುವುದರಲ್ಲಿ ಇವುಗಳ ಪಾಲೂ ಇದೆ. ತವರಿನ ಬೆಟ್ಟದಲ್ಲಿ ಮಳೆ ಬಿಟ್ಟ ಹೊತ್ತಲ್ಲಿ ಉಪ್ಪಾಗೆ ಮರದ ಕೆಳಗೆ ಹೋದರೆ ಒದ್ದೆ ತರಗೆಲೆಯ ಮೇಲೆ ಹಲ್ಲು ಮೂಡಿದ ಹಳದಿ ಸಿಪ್ಪೆಗಳು ಬಿದ್ದಿರುತ್ತವೆ. ತಲೆಯೆತ್ತಿದರೆ ಎಲೆ ಅಲ್ಲಾಡುವುದು ಮಾತ್ರ ಕಾಣುತ್ತದೆ. ಅಷ್ಟು ನಾಚಿಕೆ ಅವಕ್ಕೆ.

ಈಗ ಅದೇ ಹಣ್ಣು ನಮಗೂ ಬೇಕು. 1990ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲದಿಂದ ಮೈ ತೂಕ ಇಳಿಯುತ್ತದೆ ಅಂತ ಹೊರದೇಶಗಳಲ್ಲಿ ಮಾತ್ರೆ ಮಾರಾಟ ಶುರುವಾಯಿತು. ಅಲ್ಲಿಯವರೆಗೆ ಮನೆ ಖರ್ಚಿಗೆ, ಕರಾವಳಿಯ ಮೀನು ಸಾರಿಗೆ ಅಂತ ಇದ್ದ ಸಿಪ್ಪೆಗೆ ಒಮ್ಮೆಲೇ ರೇಟು ಬಂತು. ಕಾಡಿನ ಉಪ್ಪಾಗೆ ಕೊಯ್ಯುವ ಹಕ್ಕು ಟೆಂಡರಿನಲ್ಲಿ ಗುತ್ತಿಗೆದಾರರಿಗೆ ಹೋಗುತ್ತಿತ್ತು. ಬೇರೆಯವರು ಕೊಯ್ದುಬಿಟ್ಟಾರು ಅಂತ ಹಣ್ಣಾಗುವ ಮೊದಲೇ ಕಾಯಿ ಇಳಿಸುವುದು, ಹತ್ತಲಾಗದ ಕಡೆ ಕೊಂಬೆಯನ್ನೇ ಕಡಿಯುವುದು, ಇದೆಲ್ಲ ಆಗ ರೂಢಿಯಾಯಿತು. ಕೊಂಬೆ ಹೋದರೆ ಮುಂದಿನ ವರ್ಷದ ಹಣ್ಣೂ ಹೋಯಿತು, ಮರದಿಂದ ಮರಕ್ಕೆ ಇದ್ದ ದಾರಿಯೂ ಹೋಯಿತು. ಕಾಯಿಯನ್ನೇ ಇಳಿಸಿದರೆ ಸಿಂಗಳೀಕಕ್ಕೆ ಏನೂ ಉಳಿಯುವುದಿಲ್ಲ. ನಮಗೂ ಸಿಗುವುದು ಆ ತೆಳು, ಒಗರು ಸಿಪ್ಪೆಯೇ.

ತೂಕದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ಅದನ್ನು ಕೇಳಿಕೊಂಡು ಬರುವವರಿದ್ದಾರೆ. 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ 135 ಜನರ ಮೇಲೆ 12 ವಾರ ಮಾಡಿದ ಪರೀಕ್ಷೆ ಪ್ರಕಟವಾಯಿತು. ಉಪ್ಪಾಗೆ ಸಾರದ ಮಾತ್ರೆ ತಿಂದವರಿಗೂ ಸುಮ್ನೆ ಖಾಲಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್‌ಗೆ ತೊಂದರೆಯಾದ ವರದಿಗಳೂ ಆಮೇಲೆ ಬಂದವು. ಸಾರಿಗೆ ಹಾಕುವ ನಾಲ್ಕು ಎಸಳಿನ ಮಾತು ಬೇರೆ, ಅದನ್ನು ನಮ್ಮ ಕಡೆ ತಲೆತಲಾಂತರದಿಂದ ಉಣ್ಣುತ್ತಿದ್ದಾರೆ. ಸಂಘದ ಪ್ಯಾಕೆಟ್‌ನ ಮೇಲೆ ತೂಕ ಇಳಿಸುವ ಮಾತು ಒಂದೂ ಇಲ್ಲ. ನನಗೆ ಅದೇ ಮೊದಲ ನಂಬಿಕೆ ಕೊಟ್ಟದ್ದು.

ಒಣಗಿಸುವುದು ಇನ್ನೊಂದು ಕತೆ. ಹಣ್ಣು ಬರುವುದೇ ಜೋರು ಮಳೆಯಲ್ಲಿ. ಬಿಸಿಲು ಎಲ್ಲಿಂದ ತರುವುದು? ಹಾಗಾಗಿ ಬೆಂಕಿಯ ಮೇಲೆ ತಟ್ಟಿ ಕಟ್ಟಿ, ಸಿಪ್ಪೆ ಹರಡಿ, ಹಗಲು ರಾತ್ರಿ ಹೊಗೆ ಹಾಕಿ ಒಣಗಿಸುತ್ತಾರೆ. ಆ ಬೆಂಕಿಗೆ ಬೇಕಾಗುವ ಸೌದೆಯೂ ಅದೇ ಕಾಡಿನದು. ಹಣ್ಣು ತಂದ ಕಾಡಿನಿಂದಲೇ ಹಣ್ಣು ಒಣಗಿಸಲು ಮರ ತರುವುದು ಅಂದರೆ ಎರಡೂ ಕಡೆಯಿಂದ ಕಡಿದ ಹಾಗೆ. ನಾನು ಕೊಳ್ಳುವ ಸಂಘದವರು ಮುಚ್ಚಿದ ಡ್ರೈಯರ್ ಹಾಕಿಕೊಂಡಿದ್ದಾರೆ. ಕೆಳಗೆ ಒಲೆ, ಮೇಲೆ ಜಾಲರಿಯ ತಟ್ಟೆಗಳು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸಿಪ್ಪೆಗೆ ತಾಗುವುದು ಬಿಸಿ ಗಾಳಿ ಮಾತ್ರ. ಉರಿಸುವುದು ಬೇಸಿಗೆಯಲ್ಲಿ ಕೂಡಿಟ್ಟ ಅಡಿಕೆ ಸೋಗೆ, ತೆಂಗಿನ ಸಿಪ್ಪೆ. ಸೌದೆ ಇಲ್ಲವೇ ಇಲ್ಲ ಅಂತಲ್ಲ, ಆದರೆ ಹಳೆಯ ಭಟ್ಟಿಯ ಮುಂದೆ ಅದು ಏನೂ ಅಲ್ಲ. ನಮ್ಮ ನೀರಿನಲ್ಲಿ ಮಸಿ ತೇಲದಿರುವುದಕ್ಕೆ ಕಾರಣ ಇದೇ.

ಕೊಯ್ಯುವ ರೀತಿಯನ್ನು ನಾನೇ ನೋಡಿದ್ದೇನೆ. ಅತ್ತಿಗೆಯ ಜೊತೆ ಹೋಗಿದ್ದೆ. ಹಳದಿ ತಿರುಗಿದ ಹಣ್ಣನ್ನು ಮಾತ್ರ ಉದ್ದ ಕೊಕ್ಕೆಯಲ್ಲಿ ಇಳಿಸುತ್ತಾರೆ, ಉದುರಿದ್ದನ್ನು ಆರಿಸುತ್ತಾರೆ. ಯಾರೂ ಮರ ಹತ್ತುವುದಿಲ್ಲ. ಮೇಲಿನ ಕೊಂಬೆಗಳಲ್ಲಿ ಇನ್ನೂ ತುಂಬಾ ಹಣ್ಣಿತ್ತು. ಅದನ್ನು ತೋರಿಸಿದಾಗ ಸಂಘದ ಹಿರಿಯಕ್ಕ ಹೇಳಿದ್ದು: "ಕೊಕ್ಕೆಗೆ ಸಿಕ್ಕಿದ್ದು ನಮಗೆ ತಂಗೀ, ಮೇಲಿಂದು ಅದಕ್ಕೆ. ಅದೂ ಮರಿ ಸಾಕ್ಬೇಕಲಾ." ಕೋತಿ ಕಚ್ಚಿ ಬಿಟ್ಟ ಸಿಪ್ಪೆಯನ್ನು ಇವರು ಮುಟ್ಟುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಹಣ್ಣು ಎಲ್ಲಿಯದು ಅನ್ನುವುದು. ಅಭಯಾರಣ್ಯದ ಒಳಗಿನಿಂದ ಕಾಡಿನ ಉತ್ಪನ್ನ ತಂದು ವ್ಯಾಪಾರ ಮಾಡುವುದಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶ ಇಲ್ಲ, ಸುತ್ತಲಿನವರ ಸ್ವಂತ ಬಳಕೆಗೆ ಮಾತ್ರ. ಇತ್ತ 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಕಿರು ಉತ್ಪನ್ನದ ಹಕ್ಕು ಕೊಡುತ್ತದೆ. ಈ ಜಗ್ಗಾಟ ದೊಡ್ಡದು, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಈ ಸಂಘದವರು ತಮ್ಮ ಸೊಪ್ಪಿನ ಬೆಟ್ಟದ್ದು ಮತ್ತು ತೋಟದ ಅಂಚಿನ ಮರದ್ದು ಮಾತ್ರ ಕೊಯ್ಯುತ್ತಾರೆ. ಕೆಲವು ಮನೆಗಳಲ್ಲಿ ಕಸಿ ಗಿಡ ಹಾಕಿದ್ದಾರೆ. ಬೀಜದಿಂದ ಬಂದ ಉಪ್ಪಾಗೆ ಹಣ್ಣು ಬಿಡಲು ಹತ್ತು ಹನ್ನೆರಡು ವರ್ಷ ಬೇಕು, ಅಷ್ಟು ಕಾದ ಮೇಲೆ ಅರ್ಧಕ್ಕರ್ಧ ಗಂಡು ಮರಗಳೇ ಆಗಿಬಿಡುತ್ತವೆ. ಕಸಿ ಗಿಡ ಮೂರನೇ ವರ್ಷದಿಂದಲೇ ಬಿಡಲು ಶುರು ಮಾಡುತ್ತದೆ. ತೋಟದ ಮರ ಹೆಚ್ಚಾದಷ್ಟು ಕಾಡಿನ ಮರದ ಮೇಲೆ ಕೈ ಕಡಿಮೆಯಾಗುತ್ತದೆ. ನಾನು ಕೊಡುವ ಹೆಚ್ಚಿನ ದುಡ್ಡು ಈ ಗಿಡಗಳಿಗೆ ಹೋಗುತ್ತದೆ ಅಂದರೆ ನನಗೆ ಸಂತೋಷವೇ.

ತುಪ್ಪದ ಬಗ್ಗೆ ಹೇಳದಿದ್ದರೆ ಅನ್ಯಾಯ. ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜ ತೊಳೆದು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ, ಅದನ್ನು ತೆಗೆದು ಸೋಸಿದರೆ ತುಪ್ಪ. ನಮ್ಮ ಅಮ್ಮಮ್ಮನ ಕಾಲದಲ್ಲಿ ಹಸುವಿನ ತುಪ್ಪ ಸಾಲದ ಮನೆಗಳಲ್ಲಿ ಮಳೆಗಾಲದ ದೋಸೆಗೆ ಇದೇ ಆಗುತ್ತಿತ್ತು. ಬಣ್ಣ ತಿಳಿ ಹಳದಿ. ಧಾರವಾಡದ ಚಳಿಯಲ್ಲಿ ಗಟ್ಟಿಯಾಗಿ ಚಮಚೆ ಇಳಿಯುವುದಿಲ್ಲ, ಬಾಟಲಿಯನ್ನು ಬಿಸಿನೀರಲ್ಲಿ ಇಡಬೇಕು. ಬಿಸಿ ತೆಳ್ಳೇವಿನ (ತೆಳು ದೋಸೆ) ಮೇಲೆ ಹಾಕಿದರೆ ಕರಗಿ ಹರಡುತ್ತದೆ, ಹುರಿದ ಬೀಜದ ಪರಿಮಳ ಬರುತ್ತದೆ. ಬಾಯಲ್ಲಿ ಸ್ವಲ್ಪ ಮೇಣದ ಹಾಗೆ ಅಂಟುತ್ತದೆ, ಅದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ನನ್ನ ಮಗಳಿಗೆ ಹಿಡಿಸಿಲ್ಲ, ಹಿಮ್ಮಡಿ ಒಡೆದದ್ದಕ್ಕೆ ಹಚ್ಚಿಕೊಳ್ಳುತ್ತಾಳೆ. ಅದಕ್ಕೂ ತುಂಬಾ ಒಳ್ಳೆಯದು. ಒಗ್ಗರಣೆಗೆ ಹಾಕಬೇಡಿ, ಪರಿಮಳ ಹಾಳಾಗುತ್ತದೆ.

ಕೊರತೆಗಳೂ ಇವೆ. ತುಪ್ಪದ ಬಾಟಲಿಯ ಮುಚ್ಚಳ ಬಿಗಿ ಇಲ್ಲ. ಬೇಸಿಗೆಯಲ್ಲಿ ಬಸ್ಸಿಗೆ ಹಾಕಿ ಕಳಿಸಿದ ಬಾಟಲಿ ಸೋರಿ ಇಡೀ ಪೆಟ್ಟಿಗೆ ಜಿಡ್ಡಾಗಿ ಬಂತು. ಹೇಳಿದೆ, ಬೇರೆ ಬಾಟಲಿ ಕಳಿಸಿದರು, ಆದರೆ ಮುಚ್ಚಳ ಇನ್ನೂ ಅದೇ. ಸಿಪ್ಪೆಯ ಪ್ಯಾಕೆಟ್ ತೆಳು ಪ್ಲಾಸ್ಟಿಕ್, ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ತಂದ ಕೂಡಲೇ ಗಾಜಿನ ಡಬ್ಬಿಗೆ ಹಾಕಿಕೊಳ್ಳಿ. ಯಾವ ವರ್ಷದ ಕೊಯ್ಲು ಅಂತ ಪ್ಯಾಕೆಟ್‌ನ ಮೇಲೆ ಬರೆದಿರುವುದಿಲ್ಲ, ಬರೆಯಬೇಕು. ಚೀಟಿಯ ಮೇಲಿನ ಚಿತ್ರದಲ್ಲಿ ಸಿಂಗಳೀಕದ ಬಾಲ ಉದ್ದಕ್ಕೆ ನೇರ ಇದೆ, ತುದಿಯಲ್ಲಿ ಕುಚ್ಚಿಲ್ಲ. ನೋಡಿದವರು ಮುಸುವ ಅಂದುಕೊಳ್ಳುತ್ತಾರೆ. ಜನ ಈ ಎರಡನ್ನು ಬೆರೆಸುವುದು ಮೊದಲೇ ಇದೆ, ಚೀಟಿಯೂ ಅದನ್ನೇ ಹೇಳಿಕೊಡಬಾರದು. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ, ಆದರೆ ಆ ಊರಲ್ಲಿ ಸಿಗ್ನಲ್ ಸಿಗುವುದು ಬೆಳಿಗ್ಗೆ ಮತ್ತು ಸಂಜೆ ಗುಡ್ಡದ ಮೇಲೆ ಮಾತ್ರ. ಉತ್ತರಕ್ಕೆ ಕಾಯಬೇಕು.

ಸಂಘದ ಹೆಸರು ಬೇಕಂತಲೇ ಹಾಕಿಲ್ಲ. ಅವರಲ್ಲಿ ವರ್ಷಕ್ಕೆ ಆಗುವುದು ಕೆಲವೇ ಚೀಲ. ಬೇಡಿಕೆ ಒಮ್ಮೆಲೇ ಬಂದರೆ ಮೇಲಿನ ಕೊಂಬೆಗೂ ಕೊಕ್ಕೆ ಹೋಗುವ ಭಯ ನನಗಿದೆ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆ ಹೀಗೆ ಮಾಡುವವರು ಬೇರೆಯವರೂ ಇದ್ದಾರೆ. ಎಲ್ಲೇ ಕೊಳ್ಳಿ, ಹಣ್ಣು ಎಲ್ಲಿಯದು, ಹಣ್ಣಾದ ಮೇಲೆ ಇಳಿಸಿದ್ದಾ, ಯಾವುದರಲ್ಲಿ ಒಣಗಿಸಿದ್ದು ಅಂತ ಕೇಳಿ. ಸರಿಯಾಗಿ ಮಾಡಿದವರು ಖುಷಿಯಿಂದ ಉತ್ತರ ಹೇಳುತ್ತಾರೆ. "ಅದೆಲ್ಲ ಯಾಕೆ ನಿಮಗೆ" ಅಂದರೆ ಬಿಟ್ಟುಬಿಡಿ.

ಒಂದು ಪ್ಯಾಕೆಟ್ ಸಿಪ್ಪೆಯಿಂದ ಸಿಂಗಳೀಕ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಅದೇ ಅಭಯಾರಣ್ಯದಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಇಳಿಸಿ ವಿದ್ಯುತ್ ಮಾಡುವ) ಯೋಜನೆ ತರಲು ಹೊರಟಿದ್ದಾರೆ. ಸುರಂಗ, ರಸ್ತೆ, ಕಾಮಗಾರಿ ಅಂತ ಮರ ಬೀಳುತ್ತವೆ. ಆ ಮರಗಳ ಮುಂದೆ ನಮ್ಮ ಕೊಕ್ಕೆಯ ಲೆಕ್ಕ ಸಣ್ಣದು. ಊರಿನವರು ಅದನ್ನು ವಿರೋಧಿಸುತ್ತಿದ್ದಾರೆ, ನಾನೂ ಅವರ ಜೊತೆ. ಆದರೆ ಕಾಡಿನಂಚಿನ ಹೆಂಗಸರಿಗೆ ನಿಂತ ಮರದಿಂದಲೇ ನಾಲ್ಕು ಕಾಸು ಬಂದರೆ ಆ ಮರದ ಪರವಾಗಿ ಮಾತಾಡುವವರು ಊರಲ್ಲೇ ಇರುತ್ತಾರೆ. ಇದನ್ನು ನಾನು ತವರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಉಪ್ಪಾಗೆ ಮರ ಕಡಿಯಲು ಬಂದವರನ್ನು ವಾಪಸ್ ಕಳಿಸಿದ್ದು ಇದೇ ಸಂಘದವರು.

ಘಟ್ಟದ ಕಡೆ ಹೋಗಿ ಕೊಳ್ಳುವವರಿಗೆ ಒಂದು ಮಾತು. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಮಾಲೆಮನೆ ಘಾಟಿನಲ್ಲಿ ಸಿಂಗಳೀಕ ಕಂಡರೆ ಗಾಡಿ ನಿಧಾನ ಮಾಡಿ, ದಯವಿಟ್ಟು ಬಿಸ್ಕತ್ತು ಬಾಳೆಹಣ್ಣು ಎಸೆಯಬೇಡಿ. ರಸ್ತೆಯ ತಿಂಡಿ ರೂಢಿಯಾದರೆ ಅವು ಕೆಳಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಸಿಪ್ಪೆಗೆ ಐದರಲ್ಲಿ ಐದು. ತುಪ್ಪಕ್ಕೆ ನಾಲ್ಕು, ಮುಚ್ಚಳ ಸರಿ ಮಾಡಿದರೆ ಅದಕ್ಕೂ ಐದು. ಹೊಸ ಸಿಪ್ಪೆ ಸಿಗುವುದು ಆಗಸ್ಟ್ ಕೊನೆಯ ಮೇಲೆ. ತುಪ್ಪ ದೀಪಾವಳಿ ಹೊತ್ತಿಗೆ ಬರುತ್ತದೆ, ಬೇಗ ಮುಗಿಯುತ್ತದೆ.